ಹಳೇ ವಿದ್ಯಾರ್ಥಿಗಳ ಹತ್ರ ದುಡ್ಡು ಕೇಳೋದಾದ್ರೆ

ಅಮೆರಿಕದ ಕೆಂಟಕಿಯಲ್ಲಿ ಬೆರಿಯಾ ಅಂತ ಒಂದು ಚಿಕ್ಕ ಕ್ರಿಶ್ಚಿಯನ್ ಕಾಲೇಜ್ ಇದೆ, 1855ರಲ್ಲಿ ಗುಲಾಮಗಿರಿ ವಿರುದ್ಧ ನಿಂತಿದ್ದ ಜಾನ್ ಫೀ ಅನ್ನೋ ಪಾದ್ರಿ ಶುರು ಮಾಡಿದ್ದು. ನಂಗೆ ತುಂಬಾ ಇಷ್ಟ ಆಗೋದೇನಂದ್ರೆ 1892ರಿಂದ ಅಲ್ಲಿ ಯಾವ ಸ್ಟೂಡೆಂಟ್ ಹತ್ರಾನೂ ಟ್ಯೂಷನ್ ಫೀಸ್ ತಗೊಳ್ಳಲ್ಲ, ಬದಲಿಗೆ ಎಲ್ರೂ ವಾರಕ್ಕೆ ಕಮ್ಮಿ ಅಂದ್ರೂ 10 ಗಂಟೆ ಕೆಲಸ ಮಾಡ್ಬೇಕು, ಲೈಬ್ರರಿ, ತೋಟ, ಮಗ್ಗ, ಪೊರಕೆ ಕಟ್ಟೋದೂ ಉಂಟು! ಹೆಚ್ಚಿನ ಖರ್ಚು ನಡೆಯೋದು ದಾನಿಗಳು ಕೊಟ್ಟ ಮೂಲಧನದ ಆದಾಯದಿಂದ. ಯಾರಾದ್ರೂ ಷರತ್ತಿಲ್ಲದೆ ಉಯಿಲಲ್ಲಿ ಬರೆದಿಟ್ಟ ದುಡ್ಡು ನೇರ ಆ ನಿಧಿಗೇ ಹೋಗ್ಬೇಕು ಅಂತ 1920ರಲ್ಲೇ ನಿಯಮ ಮಾಡ್ಕೊಂಡ್ರು.

ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಅಲ್ಲಿ ಕೊಡೋರಿಗೆ ಗೊತ್ತಿರುತ್ತೆ. ನಮ್ಮ ಕಡೆ ಚಿಕ್ಕ ಕಾಲೇಜ್‌ಗಳಲ್ಲಿ ರಿಯೂನಿಯನ್, ಶಾಲು ಹೊದಿಸೋದು, ಬಿರಿಯಾನಿ ಎಲ್ಲಾ ಆಗಿ ಕೊನೆಗೆ ವಾಟ್ಸಾಪ್‌ಗೆ ಒಂದು ಕ್ಯೂಆರ್ ಕೋಡ್ ಬರುತ್ತೆ, ಹೋದ್ವರ್ಷದ ಲೆಕ್ಕ ಮಾತ್ರ ಬರಲ್ಲ. ದಯವಿಟ್ಟು ಮೊದ್ಲು ಲೆಕ್ಕ ಹಾಕಿ, ಎಷ್ಟು ಮಕ್ಕಳ ಫೀಸ್ ಕಟ್ಟಿದ್ರಿ ಹೇಳಿ, ದೊಡ್ಡ ಮೊತ್ತ ಬೇಡ, ತಿಂಗಳಿಗೆ 200 ರೂಪಾಯಿ ಕೇಳಿ ಸಾಕು, ನಮ್ಮ ಬ್ಯಾಚಿನವ್ರು ಖಂಡಿತ ಕೊಡ್ತಾರೆ.