ಆ ‘ಅವರು’ ಯಾರು?

“ಕಡತ ನಾಲ್ಕು ತಿಂಗಳು ಅಲ್ಲೇ ಇತ್ತು. ಅವರು ಬೇಡ ಎಂದರು, ನಾವು ಸುಮ್ಮನಾದೆವು.”

ನಿವೃತ್ತ ಎಂಜಿನಿಯರ್ ಒಬ್ಬರ ಸಂದರ್ಶನದಲ್ಲಿ ಈ ಮಾತು ಇತ್ತು. ಆಗ ನಾನು ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಉಪಸಂಪಾದಕ. ವರದಿಗಾರರು ಕೊಟ್ಟ ಕಾಪಿ ತಿದ್ದಿ, ತಲೆಬರಹ ಬರೆದು, ಪುಟಕ್ಕೆ ಕೂರಿಸಿ ಕಳಿಸುವುದು ನನ್ನ ಕೆಲಸ. ಪುಟ ಬಿಡಲು ಇಪ್ಪತ್ತು ನಿಮಿಷ ಉಳಿದಿತ್ತು. ‘ಅವರು’ ಎಂದರೆ ಯಾರು ಎಂಬ ಪ್ರಶ್ನೆ ಓದುಗರಿಗೆ ಬಂದೇ ಬರುತ್ತದೆ ಎನಿಸಿತು. ಹಿಂದಿನ ಪ್ಯಾರಾದಲ್ಲಿ ಸಂಸ್ಥೆಯ ಅಧ್ಯಕ್ಷರ ಪ್ರಸ್ತಾಪವಿತ್ತು. ಅಲ್ಲಿಗೆ ಉತ್ತರ ಸಿಕ್ಕಿತು ಎಂದುಕೊಂಡು ‘ಅವರು’ ಹೊಡೆದುಹಾಕಿ, “(ಅಧ್ಯಕ್ಷರು) ಬೇಡ ಎಂದರು” ಎಂದು ಮಾಡಿದೆ. ಓದುಗರಿಗೆ ಉಪಕಾರ ಮಾಡಿದ ಸಮಾಧಾನದಲ್ಲೇ ಮನೆಗೆ ಹೋದೆ.

ಮರುದಿನ ಎಂಜಿನಿಯರ್ ಅವರೇ ಫೋನ್ ಮಾಡಿದರು. ಕೂಗಾಡಲಿಲ್ಲ. “ನಾನು ಅಧ್ಯಕ್ಷರು ಬೇಡ ಎಂದರು ಎಂದು ಹೇಳಲೇ ಇಲ್ಲವಲ್ಲ” ಎಂದಷ್ಟೇ ಹೇಳಿ, ನನ್ನ ಉತ್ತರಕ್ಕೆ ಕಾದರು. ವರದಿಗಾರನ ಬಳಿ ಧ್ವನಿಮುದ್ರಿಕೆ ಇತ್ತು. ಕೇಳಿಸಿಕೊಂಡೆವು. ಅಧ್ಯಕ್ಷರ ಕುರಿತ ಮಾತು ಮುಗಿದ ಮೇಲೆ ವರದಿಗಾರ ಇನ್ನೊಂದು ಪ್ರಶ್ನೆ ಕೇಳಿದ್ದ. ಅದಕ್ಕೆ ಉತ್ತರವಾಗಿ ಎಂಜಿನಿಯರ್ ತಾಂತ್ರಿಕ ಸಮಿತಿಯ ಮೂವರು ಸದಸ್ಯರ ವಿಚಾರ ಎತ್ತಿದ್ದರು. ಬೇಡ ಎಂದವರು ಆ ಮೂವರು. ಜಾಗ ಸಾಲದೆಂದು ವರದಿಗಾರ ನಡುವಿನ ಐದಾರು ವಾಕ್ಯಗಳನ್ನು ಕೈಬಿಟ್ಟಿದ್ದ. ಅವನು ಸೇತುವೆ ತೆಗೆದ, ನಾನು ತಪ್ಪು ದಡಕ್ಕೆ ಹಲಗೆ ಹಾಕಿದೆ.

ಈ ತಪ್ಪಿಗೆ ನಮ್ಮ ಭಾಷೆಯೇ ಹೊಂಚು ಹಾಕಿ ಕೂತಿರುತ್ತದೆ. ‘ಅವರು ಎಂದರು’ ಎಂದಾಗ ಒಬ್ಬರೋ ಹತ್ತು ಜನರೋ, ಗಂಡೋ ಹೆಣ್ಣೋ ಎಂಬುದನ್ನು ಸರ್ವನಾಮವೂ ಹೇಳುವುದಿಲ್ಲ, ಕ್ರಿಯಾಪದವೂ ಹೇಳುವುದಿಲ್ಲ. ಗೌರವಕ್ಕೂ ಬಹುವಚನಕ್ಕೂ ಒಂದೇ ರೂಪ. ಎದುರಿಗೆ ಕುಳಿತು ಕೇಳುವವರಿಗೆ ಇದು ತೊಡಕಲ್ಲ, ಮಾತಿನ ಓಟದಲ್ಲಿ ಎಲ್ಲವೂ ಗೊತ್ತಾಗುತ್ತದೆ. ಆ ಓಟದಿಂದ ಎರಡು ವಾಕ್ಯ ಕಿತ್ತು ಉದ್ಧರಣ ಚಿಹ್ನೆಯೊಳಗೆ ಇಟ್ಟ ಕೂಡಲೇ ‘ಅವರು’ ಅನಾಥರಾಗುತ್ತಾರೆ.

ಸ್ಪಷ್ಟನೆ ಪ್ರಕಟವಾದ ದಿನ ಹಿರಿಯ ಸಂಪಾದಕರು ಹಳೆಯ ಪುಟವನ್ನು ಮೇಜಿನ ಮೇಲೆ ಹರಡಿ ಕರೆದರು.

“ಈ ಆವರಣದೊಳಗಿನ ಮಾತು ಯಾರದು?”

“ನನ್ನದು, ಮೇಡಂ.”

“ಓದಿದವರಿಗೆ ಅದು ಹೇಗೆ ತಿಳಿಯಬೇಕಿತ್ತು?”

ತಪ್ಪು ವ್ಯಕ್ತಿಯನ್ನು ಸೇರಿಸಿದ್ದಕ್ಕೆ ಬೈಯುತ್ತಾರೆ ಎಂದು ಸಿದ್ಧನಾಗಿ ಹೋಗಿದ್ದೆ. ಈ ಪ್ರಶ್ನೆಗೆ ಸಿದ್ಧನಿರಲಿಲ್ಲ. ದುಂಡು ಆವರಣ ( ) ಮಾತಿನ ಒಡೆಯರದು. ಬರೆಯುವವರು ತಮ್ಮ ವಾಕ್ಯದ ನಡುವೆ ತಾವೇ ಒಂದು ಮಾತು ಸೇರಿಸಲು ಬಳಸುವ ಚಿಹ್ನೆ ಅದು. ಅದರ ಬಾಗಿದ ಆಕಾರ ನೋಡಿ ಡಚ್ ವಿದ್ವಾಂಸ ಎರಾಸ್ಮಸ್ ಅದನ್ನು ಲ್ಯಾಟಿನ್‌ನಲ್ಲಿ ಪುಟ್ಟ ಚಂದ್ರ ಎಂದು ಕರೆದಿದ್ದನಂತೆ. ಚೌಕ ಆವರಣ [ ] ಹೊರಗಿನವರದು. ಇಲ್ಲಿಂದ ಇಲ್ಲಿಯವರೆಗೆ ಮಾತು ಆಡಿದವರದಲ್ಲ, ಸಂಪಾದಿಸಿದವರದು ಎಂದು ಅದು ಹೇಳುತ್ತದೆ. ನಾನು ದುಂಡು ಆವರಣ ಹಾಕಿದ್ದರಿಂದ, ‘ಅಧ್ಯಕ್ಷರು’ ಎಂಬ ಪದವನ್ನು ಎಂಜಿನಿಯರ್ ಅವರೇ ಆಡಿದರು ಎಂದು ಓದಲು ದಾರಿಯಾಯಿತು. ನನ್ನ ಊಹೆಗೆ ಅವರ ರುಜು ಬಿತ್ತು.

ನನಗೆ ಆ ಅಭ್ಯಾಸ ಬಂದದ್ದು ಸುದ್ದಿಸಂಸ್ಥೆಗಳ ಕಾಪಿ ಓದಿ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ ಚೌಕ ಆವರಣ ಬೇಡ, ದುಂಡನ್ನೇ ಬಳಸಿ ಅಥವಾ ವಾಕ್ಯವನ್ನೇ ಬದಲಿಸಿ ಎನ್ನುತ್ತದೆ. ಕಾರಣ ವ್ಯಾಕರಣದ್ದಲ್ಲ, ತಂತಿಯದು: ಸುದ್ದಿ ಸಾಗಿಸುವ ತಂತಿಜಾಲದಲ್ಲಿ ಚೌಕ ಆವರಣ ಹೋಗುತ್ತಿರಲಿಲ್ಲ. ತಂತಿಯ ಕಾಲ ಮುಗಿದರೂ ಪತ್ರಿಕೆಗಳ ಕೈಗೆ ದುಂಡು ಆವರಣವೇ ಅಂಟಿಕೊಂಡಿದೆ. ಪ್ರಾಚೀನ ಶಾಸನ ಮತ್ತು ಹಸ್ತಪ್ರತಿಗಳನ್ನು ಸಂಪಾದಿಸುವವರು ಈ ವಿಷಯದಲ್ಲಿ ನಮಗಿಂತ ಎಷ್ಟೋ ಕಟ್ಟುನಿಟ್ಟು. 1931ರಲ್ಲಿ ರೂಪುಗೊಂಡ ಲೈಡನ್ ಪದ್ಧತಿಯಲ್ಲಿ, ಕಲ್ಲು ಒಡೆದು ಹೋದ ಅಕ್ಷರಗಳನ್ನು ಸಂಪಾದಕ ತಾನೇ ತುಂಬಿದರೆ ಅದಕ್ಕೆ ಚೌಕ ಆವರಣ, ಮೂಲದ ಸಂಕ್ಷಿಪ್ತ ರೂಪವನ್ನು ಬಿಡಿಸಿ ಬರೆದರೆ ದುಂಡು ಆವರಣ. ಸಾವಿರಾರು ವರ್ಷಗಳ ಹಿಂದೆ ತೀರಿಕೊಂಡವನ ಮಾತಿಗೆ ಇಷ್ಟು ಮರ್ಯಾದೆ. ಬೆಳಿಗ್ಗೆ ಎದ್ದು ಪತ್ರಿಕೆ ಓದಿ ಫೋನ್ ಮಾಡಬಲ್ಲವರ ಮಾತಿಗೆ ನಾನು ಕೊಟ್ಟದ್ದು ಇಪ್ಪತ್ತು ಸೆಕೆಂಡು.

ಅಂದಿನಿಂದ ಮೂಲದ ಪದವನ್ನು ತೆಗೆದುಹಾಕುವುದನ್ನು ಆದಷ್ಟು ಬಿಟ್ಟಿದ್ದೇನೆ. ಇಂಗ್ಲಿಷ್‌ನಲ್ಲಿ ಸರ್ವನಾಮ ಕಿತ್ತು ಅದರ ಜಾಗದಲ್ಲಿ ಆವರಣದೊಳಗೆ ಹೆಸರು ಇಡುವುದು ವಾಡಿಕೆ. ನಾನು “ಅವರು [ಸಮಿತಿಯ ಸದಸ್ಯರು] ಬೇಡ ಎಂದರು” ಎಂದು ಪಕ್ಕದಲ್ಲಿ ಸೇರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ನಿಜ. ಆದರೆ ನನ್ನ ಊಹೆ ತಪ್ಪಿದರೂ ಆಡಿದ ಪದ ಓದುಗರ ಮುಂದೆ ಉಳಿದಿರುತ್ತದೆ. ಕನ್ನಡದಲ್ಲಿ ಕರ್ತೃ, ಕರ್ಮ ಎರಡನ್ನೂ ನುಂಗಿ ಮಾತನಾಡುವುದು ಸಹಜವಾದ್ದರಿಂದ ಹಲವು ಬಾರಿ ತೆಗೆಯಲು ಪದವೇ ಇರುವುದಿಲ್ಲ. “ಹೋದ ವರ್ಷವೇ ಕೊಟ್ಟಿದ್ದೆ” ಎಂದರೆ ಏನನ್ನು? “[ವರದಿಯನ್ನು] ಹೋದ ವರ್ಷವೇ ಕೊಟ್ಟಿದ್ದೆ” ಎಂದರೆ ಸಾಕು.

ವಿಭಕ್ತಿ ಪ್ರತ್ಯಯದ ಕಿರಿಕಿರಿ ಬೇರೆ ಇದೆ. ಪದವನ್ನು ಬದಲಿಸಿದರೂ ಪ್ರತ್ಯಯ ಮೂಲದ್ದೇ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಒಮ್ಮೆ ‘ಅವರಿಗೆ’ ಎಂಬುದರ ಜಾಗದಲ್ಲಿ ‘ಸದಸ್ಯರ’ ವರೆಗೆ ಆವರಣದೊಳಗೆ ಇಟ್ಟು, ‘ಇಗೆ’ಯನ್ನು ಹೊರಗೆ ಉಳಿಸಲು ಹೊರಟೆ. ಇ-ಕಾರದ ಗುಣಿತ ಚಿಹ್ನೆ ಆವರಣದ ಆಚೆ ಬಿದ್ದು, ಕೂರಲು ಅಕ್ಷರವಿಲ್ಲದೆ, ಪರದೆಯ ಮೇಲೆ ಚುಕ್ಕೆಗಳ ವೃತ್ತವೊಂದನ್ನು ತಬ್ಬಿಕೊಂಡು ನಿಂತಿತು. ನಮ್ಮ ಲಿಪಿಯಲ್ಲಿ ಪದವನ್ನು ಹಾಗೆ ಸೀಳಲಾಗುವುದಿಲ್ಲ; ಪ್ರತ್ಯಯ ಸಮೇತ ಇಡೀ ಪದ ಒಳಗೆ ಹೋಗಲಿ. ಅತ್ತ, ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ ಎಂದು ಆವರಣ ಹಾಕುವ ಇಂಗ್ಲಿಷ್‌ನ ತಲೆನೋವು ನಮಗಿಲ್ಲ. ಅಷ್ಟರ ಮಟ್ಟಿಗೆ ಲೆಕ್ಕ ಸರಿಹೋಯಿತು.

ನನಗೆ ಈಗ ಹೆಚ್ಚು ಭಯವಿರುವುದು ತಪ್ಪಾಗಿ ಹಾಕಿದ ಆವರಣದ ಬಗ್ಗೆ ಅಲ್ಲ, ಸರಿಯಾಗಿ ಹಾಕಿದ್ದರ ಬಗ್ಗೆ. “ಹಣ ಸಿಕ್ಕರೆ ಮುಂದಿನ ವರ್ಷ ಮುಗಿಸುತ್ತೇವೆ” ಎಂದು ಒಬ್ಬರು ಹೇಳುತ್ತಾರೆ. ಕಾಪಿಯಲ್ಲಿ ಅದು “[ಕಾಮಗಾರಿಯನ್ನು] ಮುಂದಿನ ವರ್ಷ ಮುಗಿಸುತ್ತೇವೆ” ಎಂದು ಬರುತ್ತದೆ. ಚೌಕ ಆವರಣವಿದೆ, ಸೇರಿಸಿದ ಪದವೂ ಸರಿ. ‘ಹಣ ಸಿಕ್ಕರೆ’ ಮಾತ್ರ ಮಾಯ. ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ವಾಕ್ಯದ ಮುಂಭಾಗದಲ್ಲೇ ಬರುವುದರಿಂದ ಕತ್ತರಿ ಮೊದಲು ತಾಗುವುದೂ ಅದಕ್ಕೇ. ಅಲ್ಲಿರುವ ಆವರಣ, ಇವರು ಎಷ್ಟು ಜಾಗರೂಕರು ನೋಡಿ ಎಂಬ ಭರವಸೆ ಹುಟ್ಟಿಸಿ ಸುಳ್ಳಿಗೆ ಕಾವಲು ನಿಲ್ಲುತ್ತದೆ. ಬಿಟ್ಟ ಜಾಗದಲ್ಲಿ ಮೂರು ಚುಕ್ಕೆ ಹಾಕಿದ್ದರೂ ಇಲ್ಲಿ ಪಾಪ ಪರಿಹಾರವಾಗುವುದಿಲ್ಲ. ಷರತ್ತು, ‘ಬಹುದು’, ‘ಇಲ್ಲ’, ‘ಆದರೆ’ ಇವುಗಳ ಮೇಲೆ ನಾನು ಕೈ ಇಡುವುದೇ ಇಲ್ಲ.

ಕಾನೂನು ಇಷ್ಟು ಬಿಗಿಯಾಗಿಲ್ಲ. ತಾನು ಆಡದ ಮಾತುಗಳನ್ನು ನ್ಯೂಯಾರ್ಕರ್ ಪತ್ರಿಕೆಯಲ್ಲಿ ಪತ್ರಕರ್ತೆ ಜಾನೆಟ್ ಮಾಲ್ಕಮ್ ಉದ್ಧರಣ ಚಿಹ್ನೆಯೊಳಗೆ ಹಾಕಿದ್ದಾರೆ ಎಂದು ಮನೋವಿಶ್ಲೇಷಕ ಜೆಫ್ರಿ ಮ್ಯಾಸನ್ ಹೂಡಿದ್ದ ಮೊಕದ್ದಮೆಯಲ್ಲಿ 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪದಗಳನ್ನು ಬೇಕೆಂದೇ ಬದಲಿಸಿದ ಮಾತ್ರಕ್ಕೆ ಅದು ಮಾನಹಾನಿಯ ಸುಳ್ಳಾಗುವುದಿಲ್ಲ, ಅರ್ಥ ಗಣನೀಯವಾಗಿ ಬದಲಾಗಿರಬೇಕು ಎಂಬುದು ಅದರ ಸಾರ. ನ್ಯಾಯಾಲಯಕ್ಕೆ ಅಷ್ಟು ಸಾಕಿರಬಹುದು. ಫೋನಿನ ಆ ತುದಿಯಲ್ಲಿ ಉತ್ತರಕ್ಕೆ ಕಾಯುತ್ತಿರುವವರಿಗೆ ಸಾಲದು.

ಆಡುಮಾತನ್ನು ಬರಹದ ರೂಪಕ್ಕೆ ತರುವುದಕ್ಕೆ ಆವರಣ ಬೇಕೇ ಎಂದು ಹೊಸಬರು ಕೇಳುತ್ತಾರೆ. ಬೇಡ. ಪ್ರತಿ ಕ್ರಿಯಾಪದಕ್ಕೂ ಆವರಣ ತೊಡಿಸಿದರೆ ವಾಕ್ಯ ಮುಳ್ಳುಬೇಲಿಯಾಗುತ್ತದೆ. ಆದರೆ ಹೇಳಿದವರದೇ ಆದ ಒಂದು ಪದ, ಒಂದು ಗಾದೆ ಇದ್ದರೆ ಅದನ್ನು ಇಸ್ತ್ರಿ ಮಾಡಬಾರದು. ಮೂಲದಲ್ಲೇ ತಪ್ಪಿದ್ದಾಗ ಹಾಕುವ [ಮೂಲದಲ್ಲಿರುವಂತೆ] ಎಂಬುದನ್ನು ನಾನು ಕಾನೂನು ಪತ್ರಗಳಿಗೆ ಮೀಸಲಿಟ್ಟಿದ್ದೇನೆ. ಬೇರೆಡೆ ಅದು ಎದುರಿನವರ ಕಾಗುಣಿತ ನೋಡಿ ಕಿಸಕ್ಕನೆ ನಕ್ಕಂತೆ ಕೇಳಿಸುತ್ತದೆ.

ಒಂದೇ ವಾಕ್ಯದಲ್ಲಿ ಮೂರನೆಯ ಆವರಣ ಹಾಕಬೇಕಾಗಿ ಬಂದರೆ ಉದ್ಧರಣ ಚಿಹ್ನೆಯನ್ನೇ ಕಳಚಿಬಿಡುತ್ತೇನೆ. “[ಆಗ] ಅವರ [ಸಂಸ್ಥೆಯ] ಬಳಿ [ಹಣ] ಇರಲಿಲ್ಲ” ಎಂದು ಹೊಲಿಗೆ ಹಾಕುವ ಬದಲು, ಆಗ ಸಂಸ್ಥೆಯ ಬಳಿ ಹಣ ಇರಲಿಲ್ಲ ಎಂದು ಅವರು ಹೇಳಿದರು ಎಂದರೆ ಮುಗಿಯಿತು. ‘ಎಂದು’ ಎಂಬ ಎರಡಕ್ಷರ ನಮ್ಮ ಬಳಿ ಇರುವಾಗ ಇಷ್ಟು ತೇಪೆ ಏಕೆ? ಎಚ್ಚರ ಒಂದೇ: ಚಿಹ್ನೆ ಇಲ್ಲದಿದ್ದರೂ ‘ನಾನು ಬರುವುದಿಲ್ಲ ಎಂದರು’ ಎಂದು ಬರೆದರೆ ಅದು ನೇರ ಮಾತೇ. ಆ ‘ನಾನು’ವಿಗೂ ಧ್ವನಿಮುದ್ರಿಕೆಯ ಆಧಾರ ಬೇಕು.

ಸುಮಾರು ಒಂದು ವರ್ಷದ ನಂತರ ಇನ್ನೊಂದು ಲೇಖನಕ್ಕಾಗಿ ಅದೇ ಎಂಜಿನಿಯರ್ ಅವರ ಮಾತು ಬೇಕಾಯಿತು. ಈ ಬಾರಿ ನಾನೇ ಫೋನ್ ಮಾಡಿದೆ. ಹೆಸರು ಹೇಳಿದಾಗ ಒಂದು ಕ್ಷಣ ಮೌನ, ಆಮೇಲೆ ನಗು. ಅರ್ಧ ಗಂಟೆ ಮಾತನಾಡಿದರು. ನಡುವೆ ಒಂದು ಕಡೆ “ಅವರು ಒಪ್ಪಲಿಲ್ಲ” ಎಂದವರು ತಾವೇ ತಡೆದು, “ನಿಲ್ಲಿ ಸ್ವಾಮಿ, ಯಾರು ಎಂದು ಹೇಳಿಬಿಡುತ್ತೇನೆ, ಬರೆದುಕೊಳ್ಳಿ” ಎಂದರು. ಬರೆದುಕೊಂಡೆ. ಆ ಲೇಖನದಲ್ಲಿ ಒಂದು ಆವರಣವೂ ಬೇಕಾಗಲಿಲ್ಲ.