ಮಗನ ರಾತ್ರಿಗಳನ್ನು ಬರೆದಿಟ್ಟ ನೋಟ್‌ಬುಕ್ಕು

ಕಳೆದ ವರ್ಷ ಮಾರ್ಚ್‌ನಿಂದ ಆಗಸ್ಟ್‌ವರೆಗೆ ನಮ್ಮ ಮನೆಯಲ್ಲಿ ಯಾರೊಬ್ಬರೂ ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ. ಮೂರೂವರೆ ವರ್ಷದ ಮಗ ರಾತ್ರಿ ಹನ್ನೊಂದು ದಾಟಿದರೂ ಕಣ್ಣು ಮುಚ್ಚುತ್ತಿರಲಿಲ್ಲ. ಮಲಗಿದ ಒಂದೂವರೆ ಗಂಟೆಯೊಳಗೆ ಕಿಟಾರನೆ ಕಿರುಚಿ ಎದ್ದು ಕೂರುತ್ತಿದ್ದ. ಎತ್ತಿಕೊಳ್ಳಲು ಹೋದರೆ ನನ್ನನ್ನೇ ತಳ್ಳುತ್ತಿದ್ದ. ಹಗಲಿನಲ್ಲಿ ಹೆಸರು ಹಿಡಿದು ನಾಲ್ಕು ಸಲ ಕರೆದರೂ ತಿರುಗಿ ನೋಡುತ್ತಿರಲಿಲ್ಲ, ಕೈಯಿಂದ ಮೊಬೈಲು ತೆಗೆದುಕೊಂಡರೆ ಹೊಡೆಯುತ್ತಿದ್ದ, ಕೆಲವೊಮ್ಮೆ ಕಚ್ಚುತ್ತಿದ್ದ. ಇದಕ್ಕೆಲ್ಲ ನಾವು ಇಟ್ಟಿದ್ದ ಹೆಸರು ಒಂದೇ, ಹಠ. ಆ ಒಂದು ಪದದ ಹಿಂದೆ ಎಷ್ಟು ಬೇರೆ ಬೇರೆ ಸಂಗತಿಗಳು ಅಡಗಿದ್ದವು ಎಂಬುದು ತಿಳಿದಿದ್ದು ತಜ್ಞರ ಬಳಿಗೆ ಹೋದ ಮೇಲೆ. ಇನ್ನೂ ಆರು ತಿಂಗಳು ಮೊದಲೇ ಹೋಗಬೇಕಿತ್ತು ಎಂಬ ಸಂಕಟ ಈಗಲೂ ಇದೆ, ಇದನ್ನು ಬರೆಯುತ್ತಿರುವುದೂ ಅದಕ್ಕಾಗಿಯೇ.

ಹೋಗದೆ ಇದ್ದುದಕ್ಕೆ ಕಾರಣಗಳು ಎಲ್ಲ ಮನೆಗಳಲ್ಲಿ ಇರುವಂಥವೇ. ಅತ್ತೆಯವರು ದಿನಾ ಸಂಜೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು, ಬಾಲಗ್ರಹವಿರಬಹುದೆಂದು ತಾಯತ ಕಟ್ಟಿಸಿದರು. ಅವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲೇ ಒಂಬತ್ತು ಬಾಲಗ್ರಹಗಳ ವಿವರಣೆ ಇದೆ. ಮಕ್ಕಳು ಕಾರಣ ತಿಳಿಯದಂತೆ ಚೀರುವುದನ್ನು, ಬೆಚ್ಚುವುದನ್ನು ನಮ್ಮ ಹಿರಿಯರು ಗಮನವಿಟ್ಟು ನೋಡಿದ್ದರು, ತಮಗೆ ಎಟುಕಿದ ಹೆಸರನ್ನು ಅದಕ್ಕೆ ಕೊಟ್ಟಿದ್ದರು. ಆದರೆ ತಾಯತ ಕಟ್ಟಿದ ಮೇಲೆ ನಾವು ಮತ್ತೆ ಎರಡು ತಿಂಗಳು ಕಾದೆವು. ಪ್ಲೇ ಹೋಮ್‌ನವರು ಮಗುವಿಗೆ ಶಿಸ್ತು ಕಡಿಮೆ ಎಂದರು. ಔಷಧಿ ಅಂಗಡಿಯೊಂದರಲ್ಲಿ, ವೈದ್ಯರ ಚೀಟಿ ಇಲ್ಲದೆಯೇ, ಅಲರ್ಜಿಗೆ ಕೊಡುವ ಸಿರಪ್ಪನ್ನು ರಾತ್ರಿ ಅರ್ಧ ಚಮಚ ಹಾಕಿದರೆ ಮಗು ಮಲಗುತ್ತದೆಂದು ಕೊಟ್ಟರು. ಎರಡು ರಾತ್ರಿ ಹಾಕಿದೆ. ಉಸಿರಾಟದ ತೊಂದರೆ ಇರುವ ಮಗುವಿಗೆ ಮಂಪರು ತರಿಸುವ ಔಷಧಿಯನ್ನು ತಿಳಿಯದೆ ಕೊಡುವುದು ಎಷ್ಟು ಅಪಾಯಕಾರಿ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಓದುವ ತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ, ಆ ದಾರಿ ಹಿಡಿಯಬೇಡಿ.

ಕೊನೆಗೆ ಆಗಸ್ಟ್‌ನಲ್ಲಿ ಮಕ್ಕಳ ವೈದ್ಯರೊಬ್ಬರ ಬಳಿಗೆ ಹೋದೆವು. ಅವರು ಮೊದಲು ಕೇಳಿದ ಪ್ರಶ್ನೆ ಹಠದ ಬಗ್ಗೆ ಆಗಿರಲಿಲ್ಲ. "ಗೊರಕೆ ಹೊಡೆಯುತ್ತಾನೆಯೇ? ಬಾಯಿ ತೆರೆದು ಮಲಗುತ್ತಾನೆಯೇ? ತಲೆ ಬೆವರುತ್ತದೆಯೇ?" ಎಂದು ಕೇಳಿದರು. ಮೂರಕ್ಕೂ ಹೌದೆಂದೆ. ಮಕ್ಕಳ ಗೊರಕೆಯನ್ನು ನಾವು ಆಯಾಸದ ನಿದ್ದೆಯೆಂದು ತಿಳಿದು ಮುದ್ದಿನಿಂದ ನೋಡುತ್ತೇವೆ. ವಾರದಲ್ಲಿ ಮೂರು ನಾಲ್ಕು ರಾತ್ರಿ ಗೊರಕೆ ಹೊಡೆಯುವ ಮಗುವನ್ನು ಪರೀಕ್ಷಿಸಲೇಬೇಕು ಎಂದು ಅವರು ಹೇಳಿದರು. ಮಲಗಿದಾಗಿನ ವಿಡಿಯೊ, ಕಿರುಚಿ ಎದ್ದಾಗಿನ ವಿಡಿಯೊ, ಜೊತೆಗೆ ಎರಡು ವಾರಗಳ ಲೆಕ್ಕವನ್ನು ಬರೆದು ತರುವಂತೆ ಹೇಳಿ ಕಳಿಸಿದರು.

ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ಕೊಂದನ್ನು ಅದಕ್ಕಾಗಿ ಇಟ್ಟೆ. ಎಡಪುಟದಲ್ಲಿ ನಿದ್ದೆ: ಎಷ್ಟು ಗಂಟೆಗೆ ಹಾಸಿಗೆಗೆ ಹೋದ, ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟಕ್ಕೆ ಎದ್ದ, ಹಗಲಲ್ಲಿ ಎಷ್ಟು ಹೊತ್ತು ಮಲಗಿದ. ಬಲಪುಟದಲ್ಲಿ ರಂಪ: ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು. ಕಡೆಯ ಈ ಕಾಲಮನ್ನು ತುಂಬುವುದೇ ಕಷ್ಟವಾಯಿತು, ಏಕೆಂದರೆ ದಿನ ದಿನವೂ "ಮೊಬೈಲು ವಾಪಸ್ ಕೊಟ್ಟೆವು" ಎಂದು ನನ್ನ ಕೈಯಾರೆ ಬರೆಯಬೇಕಾಗುತ್ತಿತ್ತು. ಹದಿನಾಲ್ಕು ದಿನಗಳಲ್ಲಿ 31 ರಂಪಗಳು ದಾಖಲಾಗಿದ್ದವು. ಅವುಗಳಲ್ಲಿ 19 ಸಂಜೆ ಆರೂವರೆಯಿಂದ ಎಂಟರ ನಡುವೆ ಆಗಿದ್ದವು. ಅವನು ಮಧ್ಯಾಹ್ನ ನಾಲ್ಕಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದ, ಎದ್ದ ಕೂಡಲೇ ಸಿಡುಕು ಶುರುವಾಗುತ್ತಿತ್ತು, ಆ ರಾತ್ರಿ ಹನ್ನೊಂದೂವರೆ ಆಗುತ್ತಿತ್ತು. ನಂಜನಗೂಡಿಗೆ ಹೋಗಿದ್ದ ಒಂದು ದಿನ ಮಾತ್ರ, ದಾರಿಯಲ್ಲಿ ಕಾರಿನಲ್ಲೇ ಒಂದರಿಂದ ಎರಡರವರೆಗೆ ನಿದ್ದೆ ಮಾಡಿದ್ದವನು, ರಾತ್ರಿ 9.50ಕ್ಕೆ ಮಲಗಿದ್ದ. ಐದು ತಿಂಗಳು ಜೊತೆಯಲ್ಲೇ ಇದ್ದರೂ ಕಾಣದಿದ್ದುದು ಎರಡು ವಾರದ ಬರಹದಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು.

ವಿಡಿಯೊ ನೋಡಿದ ವೈದ್ಯರು ರಾತ್ರಿಯ ಕಿರುಚಾಟವನ್ನು ನೈಟ್ ಟೆರರ್ ಎಂದು ಗುರುತಿಸಿದರು. ಕೆಟ್ಟ ಕನಸಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಅವರು ಬಿಡಿಸಿ ಹೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಕೆಟ್ಟ ಕನಸು ಬೀಳುವುದು ಹೆಚ್ಚಾಗಿ ಬೆಳಗಿನ ಜಾವದಲ್ಲಿ. ಮಗು ಪೂರ್ತಿ ಎಚ್ಚರವಾಗುತ್ತದೆ, ಅಮ್ಮನನ್ನು ಅಪ್ಪಿಕೊಳ್ಳುತ್ತದೆ, ಕನಸು ನೆನಪಿರುತ್ತದೆ. ನೈಟ್ ಟೆರರ್ ಬರುವುದು ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ; ಕಣ್ಣು ತೆರೆದಿದ್ದರೂ ಮಗು ಎಚ್ಚರವಾಗಿರುವುದಿಲ್ಲ, ಯಾರನ್ನೂ ಗುರುತಿಸುವುದಿಲ್ಲ, ಬೆಳಗ್ಗೆ ಏನೂ ನೆನಪಿರುವುದಿಲ್ಲ. ನನ್ನನ್ನು ತಳ್ಳುತ್ತಿದ್ದ ಕೈಗಳಿಗೆ ನಾನು ಯಾರೆಂಬುದೇ ತಿಳಿದಿರಲಿಲ್ಲ. ಅಲುಗಾಡಿಸಿ ಎಬ್ಬಿಸಬೇಡಿ, ದೀಪ ಹಾಕಬೇಡಿ, ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿರಿ, ತಾನಾಗಿಯೇ ಮಲಗುತ್ತಾನೆ ಎಂದರು. ನಿದ್ದೆ ಕಡಿಮೆಯಾದಷ್ಟೂ, ಉಸಿರು ಕಟ್ಟಿದಷ್ಟೂ ಇದು ಹೆಚ್ಚುತ್ತದೆ ಎಂಬುದನ್ನೂ ತಿಳಿಸಿದರು.

ಉಸಿರು ಕಟ್ಟುತ್ತಿದ್ದುದಕ್ಕೆ ಕಾರಣ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗ್ರಂಥಿ ದೊಡ್ಡದಾಗಿದ್ದುದು; ಈ ವಯಸ್ಸಿನ ಮಕ್ಕಳಲ್ಲಿ ಇದು ಅಪರೂಪವೇನಲ್ಲ. ಆದರೆ ಕಿವಿ, ಮೂಗು, ಗಂಟಲಿನ ತಜ್ಞರು ಮತ್ತೊಂದು ಮಾತು ಹೇಳಿದರು. ಅಡಿನಾಯ್ಡ್ ದಪ್ಪವಾದರೆ ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ಕೊಳವೆ ಮುಚ್ಚಿಕೊಂಡು, ಕಿವಿತಮಟೆಯ ಹಿಂದೆ ದ್ರವ ನಿಲ್ಲಬಹುದು. ನೋವಿರುವುದಿಲ್ಲ, ಜ್ವರವಿರುವುದಿಲ್ಲ, ಕೇಳಿಸುವುದು ಮಾತ್ರ ಮಂದವಾಗುತ್ತದೆ. ಶ್ರವಣ ಪರೀಕ್ಷೆಗೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದೆವು. ಮೈಸೂರಿನವರಾದ ನಮಗೆ ಅದು ಆಟೊದಲ್ಲಿ ಕಾಲು ಗಂಟೆಯ ದಾರಿ. ದೂರದ ಊರುಗಳಿಂದ ಹಿಂದಿನ ರಾತ್ರಿಯೇ ಹೊರಟು ಬಂದು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕುಳಿತಿದ್ದ ತಾಯಂದಿರನ್ನು ಅಲ್ಲಿ ಕಂಡೆ. ಮಗನ ಕಿವಿಗೆ ಮೆತ್ತನೆಯ ರಬ್ಬರ್ ತುದಿಯ ಸಾಧನವನ್ನಿಟ್ಟು ಕೆಲವು ಸೆಕೆಂಡುಗಳಲ್ಲಿ ಪರೀಕ್ಷೆ ಮುಗಿಸಿದರು. ಗುಡ್ಡದಂತೆ ಏರಿ ಇಳಿಯಬೇಕಾದ ಗೆರೆ ಎರಡೂ ಕಿವಿಗಳಲ್ಲಿ ಹಾಸುಗಲ್ಲಿನಂತೆ ಚಪ್ಪಟೆಯಾಗಿತ್ತು; ಕಿವಿತಮಟೆಯ ಹಿಂದೆ ದ್ರವ ನಿಂತಿದೆ ಎಂಬುದರ ಗುರುತು ಅದು.

ಆ ಕಾಗದವನ್ನು ಹಿಡಿದು ಹೊರಗಿನ ಮರದ ಕೆಳಗೆ ಬಹಳ ಹೊತ್ತು ಕುಳಿತಿದ್ದೆ. ಕರೆದರೆ ತಿರುಗದ ಮಗುವಿಗೆ ನಾನು ಎರಡು ಸಲ ಬೆನ್ನಿಗೆ ಹೊಡೆದಿದ್ದೆ. ಅಡುಗೆಮನೆಯಿಂದ ಕೂಗಿದ್ದು ಅವನಿಗೆ ಕೇಳಿಯೇ ಇರಲಿಲ್ಲ.

ಮೂಗಿಗೆ ಸ್ಪ್ರೇ ಕೊಟ್ಟು ಮೂರು ತಿಂಗಳು ಕಾದು ನೋಡೋಣ, ದ್ರವ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ, ಇಳಿಯದಿದ್ದರೆ ಶಸ್ತ್ರಚಿಕಿತ್ಸೆಯ ವಿಚಾರ ಮಾಡೋಣ ಎಂದು ಕಿವಿ, ಮೂಗು, ಗಂಟಲಿನ ತಜ್ಞರು ಹೇಳಿದರು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವುದೂ ಗೊತ್ತಾಯಿತು. ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಸುತ್ತಿದ್ದೆ, ಹಾಲಿನಿಂದ ಹೊಟ್ಟೆ ತುಂಬಿಸಿಕೊಂಡವನು ಊಟ ಬಿಡುತ್ತಿದ್ದ. ಕಬ್ಬಿಣದ ಕೊರತೆಯಿರುವ ಮಕ್ಕಳು ನಿದ್ದೆಯಲ್ಲಿ ಕಾಲು ಒದರುವುದು, ಹೊರಳಾಡುವುದು ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇದೆ. ನಮ್ಮ ಮನೆಯ ಮಗುವೂ ಆ ಲೆಕ್ಕದಲ್ಲಿ ಸೇರಿರಬಹುದೆಂದು ನಾವು ಯಾರೂ ಎಣಿಸಿರಲಿಲ್ಲ.

ದೇಹದ ತೊಂದರೆಗಳಿಗೆ ಔಷಧಿ ಸಿಕ್ಕಿತು, ಆದರೆ ಹೊಡೆಯುವುದು, ಕಚ್ಚುವುದು, ತಡರಾತ್ರಿಯ ಎಚ್ಚರ ಅಷ್ಟರಿಂದಲೇ ನಿಲ್ಲಲಿಲ್ಲ. ಮಕ್ಕಳ ವೈದ್ಯರೇ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟರ (ಚಿಕಿತ್ಸಾ ಮನಶ್ಶಾಸ್ತ್ರಜ್ಞರ) ಬಳಿಗೆ ಕಳಿಸಿದರು. ಅವರು ಮಗನನ್ನು ಏನೂ ಕೇಳಲಿಲ್ಲ. ಚಾಪೆಯ ಮೇಲೆ ಮರದ ಬ್ಲಾಕುಗಳನ್ನು ಹರಡಿ, ಹತ್ತು ನಿಮಿಷ ಅವನ ಜೊತೆ ಆಡಿ ಎಂದು ನನಗೆ ಹೇಳಿ, ಮೂಲೆಯಲ್ಲಿ ಕುಳಿತು ಏನೋ ಗೀಟು ಹಾಕುತ್ತಿದ್ದರು. "ಇದು ಯಾವ ಬಣ್ಣ? ಇಲ್ಲಿ ಇಡು. ಹಾಗಲ್ಲ, ಹೀಗೆ. ಎಷ್ಟಿದೆ ಎಣಿಸು" ಎಂದು ನಾನು ಆಡಿಸುತ್ತಿದ್ದೆ. ಮುಗಿದ ಮೇಲೆ ಚೀಟಿ ತೋರಿಸಿದರು: ಹತ್ತು ನಿಮಿಷದಲ್ಲಿ 27 ಪ್ರಶ್ನೆ, 18 ಆಜ್ಞೆ, ಒಂದು ಮೆಚ್ಚುಗೆ. "ನೀವು ತಪ್ಪು ಮಾಡಿದ್ದೀರಿ ಅಂತ ಇದನ್ನು ತೋರಿಸುತ್ತಿಲ್ಲ ಮೇಡಂ, ಎಲ್ಲ ತಂದೆತಾಯಂದಿರ ಚೀಟಿಯೂ ಹೀಗೇ ಇರುತ್ತೆ" ಎಂದರು. ಬಳಿಕ ಅವರೇ ಕೆಳಗೆ ಕುಳಿತು ಆಡಿ ತೋರಿಸಿದರು. ಅವನು ಇಟ್ಟುದನ್ನೇ ಮಾತಿನಲ್ಲಿ ಹೇಳುವುದು, ಅವನು ಆಡಿದ ಮಾತನ್ನೇ ಮರಳಿ ಆಡುವುದು, ಚೆನ್ನಾಗಿ ಮಾಡಿದ್ದನ್ನು ಇಂಥದ್ದೇ ಎಂದು ಹೆಸರಿಸಿ ಮೆಚ್ಚುವುದು, ಪ್ರಶ್ನೆಯನ್ನೂ ಅಪ್ಪಣೆಯನ್ನೂ ಬಿಡುವುದು. ದಿನಕ್ಕೆ ಹತ್ತೇ ನಿಮಿಷ, ಮೊಬೈಲು ಬೇರೆ ಕೋಣೆಯಲ್ಲಿ. ಮೂರನೆಯ ವಾರದಲ್ಲಿ ಅವನು ತಾನಾಗಿಯೇ ಬಂದು ನನ್ನ ಮಡಿಲಲ್ಲಿ ಕುಳಿತು ಬ್ಲಾಕುಗಳನ್ನು ಜೋಡಿಸತೊಡಗಿದ.

ನಿದ್ದೆಯ ವಿಷಯದಲ್ಲಿ ಅವರ ಸಲಹೆ ಮೊದಲು ನನಗೆ ತಿರುಗುಮುರುಗಾಗಿ ಕಂಡಿತು. ಒಂಬತ್ತಕ್ಕೇ ಹಾಸಿಗೆಗೆ ಒಯ್ದು ಎರಡು ಗಂಟೆ ಗುದ್ದಾಡುವುದನ್ನು ನಿಲ್ಲಿಸಿ, ಅವನಿಗೆ ನಿದ್ದೆ ಬರುವುದೇ 11.15ಕ್ಕಾದರೆ ಆಗಲೇ ಮಲಗಿಸಿ, ಆದರೆ ಬೆಳಗ್ಗೆ ಏಳಕ್ಕೆ ತಪ್ಪದೆ ಎಬ್ಬಿಸಿ, ಮಧ್ಯಾಹ್ನದ ನಿದ್ದೆ ಮೂರಕ್ಕೆ ಮುಗಿಯಲಿ, ಹಾಸಿಗೆಗೆ ಹೋದ ಹದಿನೈದು ನಿಮಿಷದಲ್ಲಿ ನಿದ್ದೆ ಹತ್ತುವಂತಾದ ಮೇಲೆ ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ ಎಂದರು. ಹಾಸಿಗೆ ಎಂದರೆ ಜಗಳ ಎಂಬ ನೆನಪು ಹೋಗಿ, ಹಾಸಿಗೆ ಎಂದರೆ ನಿದ್ದೆ ಎಂಬ ಅಭ್ಯಾಸ ಬರಲಿ ಎಂಬುದು ಅದರ ಉದ್ದೇಶ. ಹೀಗೆ ಮಾಡುತ್ತ ಒಂದು ತಿಂಗಳೊಳಗೆ 9.15ಕ್ಕೆ ಬಂದೆವು. ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಅತ್ತರೂ ಹೋಗಬೇಡಿ ಎನ್ನುತ್ತಾರೇನೋ ಎಂದು ಹೆದರಿದ್ದೆ. ಅವರು ಆ ಮಾತನ್ನೇ ಎತ್ತಲಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗುವುದಾದರೆ ಅದು ಹಾಗೆಯೇ ಇರಲಿ, ಹೊತ್ತು ಮತ್ತು ಕ್ರಮ ಮಾತ್ರ ದಿನಾ ಒಂದೇ ಆಗಿರಲಿ ಎಂದರು. ನಮ್ಮವರು ಹತ್ತೂಕಾಲಕ್ಕೆ ಕೆಲಸದಿಂದ ಬಂದು ಗೇಟಿನ ಚಿಲಕ ಸದ್ದು ಮಾಡಿ, ಮಗನ ಮುಖ ನೋಡಲು ಕೋಣೆಯ ದೀಪ ಹಾಕುತ್ತಿದ್ದುದು ನಿಂತಿತು. ಅವರಿಗೆ ಅದು ಸುಲಭವಾಗಿರಲಿಲ್ಲ. ದಿನದಲ್ಲಿ ಮಗನನ್ನು ಕಾಣಲು ಅವರಿಗಿದ್ದುದು ಅದೊಂದೇ ಹೊತ್ತು. ಬದಲಿಗೆ ಬೆಳಗ್ಗೆ ಏಳಕ್ಕೆ ಎಬ್ಬಿಸಿ ಹಲ್ಲುಜ್ಜಿಸುವ ಕೆಲಸ ಅವರದಾಯಿತು.

ಎರಡನೆಯ ಭೇಟಿಗೆ ಅತ್ತೆ, ಮಾವ ಇಬ್ಬರನ್ನೂ ಕರೆತರಲು ಹೇಳಿದ್ದರು. ನನ್ನ ದೃಷ್ಟಿಯಲ್ಲಿ ಇಡೀ ಚಿಕಿತ್ಸೆಯಲ್ಲಿ ಇದಕ್ಕಿಂತ ಮುಖ್ಯವಾದ ದಿನ ಇನ್ನೊಂದಿಲ್ಲ. "ಅಮ್ಮ, ನಾಳೆಯಿಂದ ಮೊಬೈಲಿಗೆ ಅತ್ತಾಗ ಯಾರೂ ಕೊಡುವುದಿಲ್ಲ. ಮೊದಲ ನಾಲ್ಕೈದು ದಿನ ಈಗಿನದಕ್ಕಿಂತ ಜೋರಾಗಿ ಅಳುತ್ತಾನೆ. ಆಗ ನೀವು ಕರಗಿ ಒಂದೇ ಒಂದು ಸಲ ಕೊಟ್ಟರೂ, ಇನ್ನಷ್ಟು ಜೋರಾಗಿ ಅತ್ತರೆ ಸಿಗುತ್ತದೆ ಅಂತ ಕಲಿಯುತ್ತಾನೆ" ಎಂದು ಅತ್ತೆಯವರಿಗೆ ಗೌರವದಿಂದ ತಿಳಿಸಿ ಹೇಳಿದರು. ಹಾಗೆಯೇ ಆಯಿತು. ಮೂರನೆಯ ದಿನ ಅವನು ನೆಲಕ್ಕೆ ಬಿದ್ದು ನಲವತ್ತು ನಿಮಿಷ ಅತ್ತ, ಅತ್ತೆಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ದೇವರ ಮನೆಗೆ ಹೋಗಿ ಕುಳಿತರು, ಆದರೆ ಕೊಡಲಿಲ್ಲ. ಮುಂಚೆಯೇ ಹೇಳಿರದಿದ್ದರೆ ಆ ದಿನವೇ ನಾವು ಸೋಲುತ್ತಿದ್ದೆವು. ಮಲಗುವ ಮುನ್ನ ಜೋಗುಳ ಹಾಡುವ ಹೊಣೆಯನ್ನು ಅತ್ತೆಯವರಿಗೇ ವಹಿಸಿದರು; ಐದು ನಿಮಿಷದ ಆ ಹಾಡು ಈಗಲೂ ನಡೆಯುತ್ತಿದೆ.

ಈ ದಾರಿ ಹಿಡಿಯಬೇಕೆನ್ನುವವರಿಗೆ ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ಮೊದಲು ಮಕ್ಕಳ ವೈದ್ಯರನ್ನೇ ಕಾಣಿ, ದೇಹದ ಕಾರಣಗಳು ಇವೆಯೇ ಎಂಬುದು ಮೊದಲು ತಿಳಿಯಲಿ. ಖರ್ಚಿನ ಚಿಂತೆಯಿದ್ದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಲ್ಲಿ ತಪಾಸಣೆ ನಡೆಯುತ್ತದೆ, ಮುಂದಿನ ಆರೈಕೆಗೆ ಜಿಲ್ಲಾ ಮಟ್ಟದ ಕೇಂದ್ರಗಳಿಗೆ ಕಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಖಾಸಗಿಯಾಗಿ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಕಾಣುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಸಂಕೋಚವಿಲ್ಲದೆ ಕೇಳಿ, ಅರ್ಹರಾದವರು ಬೇಸರಪಡುವುದಿಲ್ಲ. ಇನ್ನು ಕೆಲವು ವಿಷಯಗಳಲ್ಲಿ ಕಾಯುವುದೇ ಬೇಡ: ಆಡುತ್ತಿದ್ದ ಮಾತು ನಿಂತುಹೋದರೆ, ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ, ತನಗೆ ತಾನೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಅದೇ ವಾರ ಹೋಗಿ.

"ಇಷ್ಟು ಚಿಕ್ಕ ಮಗುವನ್ನು ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಂತೆ" ಎಂಬ ಮಾತು ನಮ್ಮ ನೆಂಟರಲ್ಲೂ ಬಂತು. ಅದಕ್ಕೆ ಉತ್ತರ ಕೊಟ್ಟವರು ಅತ್ತೆಯವರು: "ಹಲ್ಲು ನೋವಾದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಲ್ವೇನಮ್ಮ?"

ನವೆಂಬರ್ ಕೊನೆಯಲ್ಲಿ ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ ಬಲಗಿವಿಯ ಗೆರೆ ಗುಡ್ಡದಂತಾಗಿತ್ತು, ಎಡಗಿವಿಯದು ತುಸು ಏರಿತ್ತು. ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡವೆಂದಿದ್ದಾರೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಅವನ ಎದುರಿಗೆ ಹೋಗಿ, ಮಂಡಿಯೂರಿ, ಮುಖ ನೋಡಿ ಮಾತನಾಡುತ್ತೇವೆ. ಜ್ವರ ಬಂದಾಗ, ನೆಂಟರ ಮನೆಯಲ್ಲಿ ಹೊತ್ತು ತಪ್ಪಿದಾಗ ಈಗಲೂ ರಾತ್ರಿ ಒಮ್ಮೊಮ್ಮೆ ಕಿರುಚಿ ಏಳುತ್ತಾನೆ. ದೀಪ ಹಾಕದೆ ಪಕ್ಕದಲ್ಲಿ ಕುಳಿತಿರುತ್ತೇನೆ, ಎರಡು ಮೂರು ನಿಮಿಷದಲ್ಲಿ ಮಲಗುತ್ತಾನೆ. ನೋಟ್‌ಬುಕ್ಕಿನಲ್ಲಿ ಇನ್ನೂ ಅರ್ಧದಷ್ಟು ಪುಟಗಳು ಉಳಿದಿವೆ, ಭಾನುವಾರಗಳಂದು ಮಾತ್ರ ಬರೆಯುತ್ತಿದ್ದೇನೆ.