ಮೊದಲು ಮಡಚಿ ಪಿನ್ ಹಾಕಿ ನೋಡು

"ಇದು ಯಾರ ಅಳತೆಗೆ ಮಾಡಿರೋದಪ?" ಅಂತ ಕೇಳಿದ್ರು ಅಪ್ಪ.

ಭಾನುವಾರ, ಯೂನಿಟ್ ರಜಾ, ಕಟಿಂಗ್ ಟೇಬಲ್ ಖಾಲಿ ಇತ್ತು ಅಂತ ನನ್ನ ಗಾಲ್ಫ್ ಡ್ರೈವರ್ (ಬಾಲನ್ನ ತುಂಬ ದೂರ ಹೊಡೆಯೋ ಕ್ಲಬ್, ಅಂದ್ರೆ ಕೋಲು) ತಂದು ಅದರ ಮೇಲೆ ಮಲಗಿಸಿ ಅಪ್ಪನ ಟೇಪಲ್ಲೇ ಅಳೀತಾ ಇದ್ದೆ. ನಮ್ಮಪ್ಪ ಬಳ್ಳಾರಿ ಕೌಲ್ ಬಜಾರಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್, 28 ವರ್ಷದಿಂದ ಇದೇ ಕೆಲಸ, ಬಳ್ಳಾರಿ ಜೀನ್ಸ್ ಅಂತ ಊರೂರಿಗೆ ಹೋಗೋ ಪ್ಯಾಂಟ್‌ಗಳಲ್ಲಿ ಎಷ್ಟು ಸಾವಿರ ಅವರ ಚಾಕ್ ಗೆರೆ ಮೇಲೆ ಕಟ್ ಆಗಿದಾವೋ ಲೆಕ್ಕ ಇಲ್ಲ. ಅವರಿಗೆ ಗಾಲ್ಫ್ ಗೊತ್ತಿಲ್ಲ, ಟಿವಿಲಿ ಕೂಡ ನೋಡಿದವರಲ್ಲ. ಆದ್ರೆ ಒಂದೂವರೆ ವರ್ಷದಿಂದ ನಾನು ಕೇಳ್ಕೋಬೇಕಿದ್ದ ಪ್ರಶ್ನೆ ಅದು, ಮಾರಿದ ಅಂಗಡೀಲೂ ಯಾರೂ ಕೇಳಿರ್ಲಿಲ್ಲ.

ಗಾಲ್ಫ್ ಹುಚ್ಚು ನನಗೆ ಹತ್ತಿದ್ದು 2021ರ ಆಗಸ್ಟ್‌ನಲ್ಲಿ. ಟೋಕಿಯೋ ಒಲಿಂಪಿಕ್ಸ್, ಶನಿವಾರ ಬೆಳಿಗ್ಗೆ, ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಕೊನೇ ರೌಂಡ್ ಆಡ್ತಾ ಇದ್ದಳು, ಒಂದೇ ಒಂದು ಸ್ಟ್ರೋಕಲ್ಲಿ ಪದಕ ತಪ್ಪಿ 4ನೇ ಸ್ಥಾನಕ್ಕೆ ಬಂದಳು. ಜೊತೆಗೆ ಆಡ್ತಿದ್ದವರು ಅವಳಿಗಿಂತ ಎಷ್ಟೋ ಗಜ ಮುಂದೆ ಬಾಲ್ ಹಾಕ್ತಿದ್ರು, ಇವಳು ಹಿಂದಿಂದ ಹೊಡೆದು ಸಮ ಮಾಡ್ತಿದ್ದಳು. ಆವಾಗ ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೆ, ಆಮೇಲೆ ಆಫೀಸಿನ ಒಬ್ಬರ ಜೊತೆ ಹೊಡೆತ ಅಭ್ಯಾಸ ಮಾಡೋ ಡ್ರೈವಿಂಗ್ ರೇಂಜ್‌ಗೆ ಹೋಗಿ ಬಕೆಟ್ ಲೆಕ್ಕದಲ್ಲಿ ಬಾಲ್ ಹೊಡೆಯೋಕೆ ಶುರು ಮಾಡ್ದೆ. ಈಗ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಿದೀನಿ, ಇಲ್ಲಿ ನನಗೆ ರೇಂಜ್ ಇಲ್ಲ, ಮೋಕಾ ಕಡೆ ಚಿಕ್ಕಪ್ಪನ ಹೊಲವೇ ರೇಂಜ್.

ಡ್ರೈವರ್ ಮಾತ್ರ ಬೆಂಗಳೂರಲ್ಲೇ ತಗೊಂಡಿದ್ದೆ, 10.5 ಡಿಗ್ರಿ ಲಾಫ್ಟ್ (ಬಾಲ್ ತಾಗೋ ಮುಖದ ಓರೆ), 460 ಸಿಸಿ ತಲೆ (ಬಾಲಿಗೆ ತಾಗೋ ತುದಿಯ ಗಡ್ಡೆ), ಗ್ರಾಫೈಟ್ ಶಾಫ್ಟ್ (ಕಡ್ಡಿ), ಉದ್ದ 45.75 ಇಂಚು. ಅಂಗಡಿಯವರು ಹೇಳಿದ್ದು ಒಂದೇ ಮಾತು, ಉದ್ದ ಜಾಸ್ತಿ ಇದ್ದಷ್ಟೂ ದೂರ ಜಾಸ್ತಿ ಸರ್. ನಾನು 5 ಅಡಿ 5 ಇಂಚು. ನನ್ನನ್ನ ನಿಲ್ಲಿಸಿ ಅಳೆಯೋದಿರಲಿ, ಎರಡು ಬಾಲ್ ಹೊಡೆಸಿ ನೋಡೋಣ ಅಂತಾನೂ ಅನ್ನಲಿಲ್ಲ. ಆ ವಿಷಯಕ್ಕೆ ನನಗೆ ಇವತ್ತಿಗೂ ಬೇಜಾರಿದೆ, ಯಾಕಂದ್ರೆ ನನ್ನ ಎರಡು ತಿಂಗಳ ಉಳಿತಾಯ ಅದು.

ಹೊಡೆದ್ರೆ ಹತ್ತರಲ್ಲಿ ಆರು ಬಾಲ್ ಬಲಕ್ಕೆ ತಿರುಗಿ ಪಕ್ಕದವರ ಮೆಣಸಿನಕಾಯಿ ಹೊಲಕ್ಕೆ. ಒಂದೊಂದು ಸಲ ಸರಿಯಾಗಿ ತಾಗಿದ್ರೆ ಅದೇನು ಶಬ್ದ, ಅದೇನು ಎತ್ತರ, ಆ ಒಂದು ಬಾಲ್ ನೆನಪಲ್ಲಿ ಇಟ್ಕೊಂಡು ಮಿಕ್ಕ ಒಂಬತ್ತು ನನ್ನ ತಪ್ಪು, ನನ್ನ ಸ್ವಿಂಗ್ ಸರಿ ಇಲ್ಲ ಅಂತಲೇ ಒಂದೂವರೆ ವರ್ಷ ಕಳೆದೆ.

ಅವತ್ತು ಟೇಬಲ್ ಮೇಲೆ ಅಳೆದಾಗಲೂ ಮೊದಲು ತಪ್ಪೇ ಅಳೆದೆ. ಕಡ್ಡಿ ತಲೆಯೊಳಗೆ ಹೋಗೋ ಜಾಗದಿಂದ ಗ್ರಿಪ್ (ಕೈಲಿ ಹಿಡಿಯೋ ರಬ್ಬರ್ ಭಾಗ) ತುದಿವರೆಗೆ ಟೇಪ್ ಹಿಡಿದೆ, ಲೆಕ್ಕ ಕಮ್ಮಿ ಬಂತು. ನಿಯಮದ ಪ್ರಕಾರ ಕ್ಲಬ್ಬನ್ನ ಸಮ ನೆಲದ ಮೇಲೆ ಇಟ್ಟು, ತಳವನ್ನ 60 ಡಿಗ್ರಿ ಓರೆ ಇರೋ ಹಲಗೆಗೆ ತಾಗಿಸಿ, ಆ ಹಲಗೆ ನೆಲ ಸೇರೋ ಮೂಲೆಯಿಂದ ಗ್ರಿಪ್‌ನ ಮೇಲ್ತುದಿವರೆಗೆ ಅಳೀಬೇಕು. ಅಪ್ಪನಿಗೆ ಹೇಳಿದ್ದೇ ತಡ, ಪ್ಯಾಟರ್ನ್ ಕತ್ತರಿಸೋ ದಪ್ಪ ರಟ್ಟು ತಗೊಂಡು ಒಂದೇ ನಿಮಿಷಕ್ಕೆ 60 ಡಿಗ್ರಿ ಮೂಲೆ ಕತ್ತರಿಸಿ ಕೊಟ್ರು. ಸರಿಯಾಗಿ 45.75 ಬಂತು.

ಆಮೇಲೆ ಅವರು ನನ್ನನ್ನ ಬರಿಗಾಲಲ್ಲಿ ನಿಲ್ಲಿಸಿದ್ರು. ಕೈ ಸಡಿಲ ಬಿಡು ಅಂದ್ರು. ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಟೇಪ್ ಬಿಟ್ರು, 33 ಇಂಚು. ಕ್ಲಬ್ ಉದ್ದಕ್ಕೆ ಮೊದಲು ನೋಡೋ ಅಳತೆ ಇದೇ ಅಂತ ನಾನು ಓದಿದ್ದೆ, ಎತ್ತರ ಒಂದೇ ನೋಡಿದ್ರೆ ಸಾಲದು, ತೋಳೆಷ್ಟು ಉದ್ದ ಅನ್ನೋದೂ ಬೇಕು ಅಂತ. ಅಪ್ಪನಿಗೆ ಇದು ಹೊಸದಲ್ಲ. "ಒಂದೇ ಎತ್ತರದ ಇಬ್ಬರಿಗೆ ಕಾಲಿನ ಉದ್ದ ಬೇರೆ ಇರ್ತೈತೆ ನೋಡಪ, ಎತ್ತರ ಕೇಳಿ ಪ್ಯಾಂಟ್ ಹೊಲಿಯೋಕಾಗ್ತೈತಾ?" ಅಂದ್ರು. ಆದ್ರೆ ಅಳತೆ ಬಂತು ಅಂತ ತಕ್ಷಣ ಕತ್ತರಿಸೋಕೆ ಬಿಡಲಿಲ್ಲ. ಪ್ಯಾಂಟ್ ಉದ್ದ ಆದ್ರೆ ನಾವೇನ್ ಮಾಡ್ತೀವಿ, ಮೊದಲು ಮಡಚಿ ಪಿನ್ ಹಾಕ್ತೀವಿ, ಹಾಕ್ಕೊಂಡು ನಡೆಸ್ತೀವಿ, ಕೂರಿಸ್ತೀವಿ, ಆಮೇಲೆ ತಾನೇ ಕತ್ತರಿ. ಇದಕ್ಕೆ ಮಡಚೋದು ಹೆಂಗೆ? ಅಂತ ಕೇಳಿದ್ರು.

ಇದಕ್ಕೆ ಮಡಚೋದು ಅಂದ್ರೆ ಕೈ ಕೆಳಗೆ ಹಿಡಿಯೋದು. ಅಪ್ಪ ಗ್ರಿಪ್‌ನ ಕಪ್ಪು ರಬ್ಬರ್ ಮೇಲೆ ಅರ್ಧ ಅರ್ಧ ಇಂಚಿಗೆ ಬಿಳಿ ಚಾಕಲ್ಲಿ ಮೂರು ಗೆರೆ ಎಳೆದ್ರು, ಉಗುರಿನಷ್ಟು ತೆಳ್ಳಗೆ, ಡೆನಿಮ್ ಮೇಲೆ ಎಳೆದ ಹಂಗೇ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಹೊಲದಲ್ಲಿದ್ವಿ. ಫೆಬ್ರವರಿ, ಹತ್ತಿ ಕಿತ್ತು ಖಾಲಿ ಆಗಿತ್ತು, ಎರೆ ಭೂಮಿ ಒಣಗಿ ಬಿರುಕು ಬಿಟ್ಟಿತ್ತು, ಒಂದೊಂದು ಬಿರುಕಲ್ಲಿ ಅಂಗೈ ಇಳಿಯುತ್ತೆ. ಬಾಲ್ ಕೂರಿಸೋ ಮರದ ಟೀ ನೆಲಕ್ಕೆ ಇಳಿಯೋದೇ ಇಲ್ಲ, ಸ್ಕ್ರೂಡ್ರೈವರಲ್ಲಿ ತೂತು ಮಾಡಿ ಚುಚ್ಚಬೇಕು. ಚಿಕ್ಕಪ್ಪನ ಮಗ ಬಾಲ್ ಆರಿಸೋಕೆ ದೂರದಲ್ಲಿ ಬದುವಿನ ಆಚೆ ಬೇವಿನ ಮರದ ಮರೆಗೆ ನಿಂತಿದ್ದ, ನಾನು ಕೈ ಎತ್ತಿದ ಮೇಲೇ ಹೊರಗೆ ಬರಬೇಕು ಅಂತ ಮಾತಾಗಿತ್ತು.

ಡ್ರೈವರ್ ಮುಖಕ್ಕೆ ಒಂಚೂರು ನೀರು ಸವರಿ, ಅಪ್ಪನ ಮುರಿದ ಚಾಕ್ ಪುಡಿ ಮಾಡಿ ತೆಳ್ಳಗೆ ಹಚ್ಚಿದ್ವಿ. ಬಾಲ್ ತಾಗಿದ ಕಡೆ ಪುಡಿ ಹೋಗಿ ದುಂಡನೆ ಗುರುತು ಬೀಳುತ್ತೆ. ಪ್ರತಿ ಉದ್ದಕ್ಕೂ ಹತ್ತು ಬಾಲ್, ಪ್ರತಿ ಬಾಲ್ ಆದ್ಮೇಲೆ ಗುರುತು ಎಲ್ಲಿ ಬಿತ್ತು ಅಂತ ಅಪ್ಪ ರಟ್ಟಿನ ಮೇಲೆ ಡ್ರೈವರ್ ಮುಖದ ಆಕಾರ ಬರೆದು ಚುಕ್ಕಿ ಇಡೋದು, ಮತ್ತೆ ಪುಡಿ ಹಚ್ಚೋದು. ನಾನಾಗಿದ್ರೆ ನಾಲ್ಕು ಬಾಲಿಗೇ ಬೇಜಾರಾಗಿ ಬಿಟ್ಟಿರ್ತಿದ್ದೆ, ಅವರು ಬಿಡಲಿಲ್ಲ.

ಪೂರ್ತಿ ಉದ್ದಕ್ಕೆ ಹಿಡಿದ ಹತ್ತು ಬಾಲಿನ ಚುಕ್ಕಿ ಇಡೀ ಮುಖದ ತುಂಬ ಚೆಲ್ಲಾಪಿಲ್ಲಿ, ಆರು ಹಿಮ್ಮಡಿ ಕಡೆ, ಅಂದ್ರೆ ಕಡ್ಡಿ ಸೇರೋ ಕಡೆ, ಎರಡು ತುದಿ ಕಡೆ, ಎರಡೇ ಎರಡು ನಡುವೆ. ಬಲಗೈ ಆಟಗಾರನಿಗೆ ಹಿಮ್ಮಡಿಗೆ ತಾಗಿದ ಬಾಲು ಬಲಕ್ಕೆ ತಿರುಗುತ್ತೆ, ತುದಿಗೆ ತಾಗಿದ್ದು ಎಡಕ್ಕೆ, ತಲೆ ಒಂದು ಕಡೆ ತಿರುಗಿದ್ರೆ ಬಾಲು ಅದಕ್ಕೆ ಎದುರು ಕಡೆ ಸುತ್ತುತ್ತೆ, ಹಲ್ಲುಚಕ್ರ ಒಂದಕ್ಕೊಂದು ಕಚ್ಚಿ ತಿರುಗೋ ತರ. ನಾನು ಒಂದೂವರೆ ವರ್ಷ ಸ್ಲೈಸ್ (ಬಾಲು ಬಲಕ್ಕೆ ತಿರುಗೋದು) ಅಂತ ಒದ್ದಾಡಿದ್ದರಲ್ಲಿ ದೊಡ್ಡ ಪಾಲು ಈ ಆರು ಚುಕ್ಕೀಲಿತ್ತು. ಗಿಡ್ಡ ಮನುಷ್ಯ ಉದ್ದ ಕೋಲು ಹಿಡಿದ್ರೆ ಬಾಲಿಂದ ದೂರ ನಿಲ್ಲಬೇಕು, ಕೋಲು ಸೊಂಟದ ಸುತ್ತ ಅಗಲವಾಗಿ ಸುತ್ತುತ್ತೆ, ತಲೆ ವಾಪಸ್ ಬರೋದು ತಡ ಆಗುತ್ತೆ. ನನ್ನದು ಹಂಗೇ ಆಗ್ತಿತ್ತು.

ಅರ್ಧ ಇಂಚು ಕೆಳಗೆ ಹಿಡಿದಾಗ ಸ್ವಲ್ಪ ಪರವಾಗಿಲ್ಲ. ಒಂದು ಇಂಚಿಗೆ ಹಿಡಿದಾಗ ಚುಕ್ಕಿಗಳು ನಡುವಿಗೆ ಬಂದ್ವು. ಒಂದೂವರೆಗೆ ಮತ್ತೆ ಚೆದುರಿದ್ವು, ಕೈ ಗ್ರಿಪ್‌ನ ಸಣ್ಣ ಭಾಗಕ್ಕೆ ಇಳಿದು ಹಿಡಿತ ಸಿಗ್ತಿರ್ಲಿಲ್ಲ, ತಲೆ ಹಗುರ ಅನ್ನಿಸ್ತಿತ್ತು. ಒಂದಕ್ಕೂ ಒಂದೂವರೆಗೂ ನಡುವೆ ಇನ್ನೊಂದು ಗೆರೆ ಎಳೆದು ಮತ್ತೆ ಹತ್ತು ಹೊಡೆಸಿದ್ರು ಅಪ್ಪ. ಹತ್ತರಲ್ಲಿ ಎಂಟು ಚುಕ್ಕಿ, ಐದು ರೂಪಾಯಿ ನಾಣ್ಯ ಎರಡು ಪಕ್ಕ ಪಕ್ಕ ಇಟ್ರೆ ಮುಚ್ಚಿಹೋಗೋ ಅಷ್ಟು ಜಾಗದಲ್ಲಿ.

ದೂರ ಹೆಜ್ಜೆ ಲೆಕ್ಕದಲ್ಲಿ ಅಳೆದ್ವಿ. ಪೂರ್ತಿ ಉದ್ದದಲ್ಲಿ ಅವತ್ತಿನ ಅತಿ ದೂರದ ಬಾಲು 205 ಹೆಜ್ಜೆ, ಆದ್ರೆ ಹತ್ತರ ಸರಾಸರಿ 170ರ ಆಸುಪಾಸು. ಒಂದೂಕಾಲು ಇಂಚು ಕಮ್ಮಿ ಹಿಡಿದಾಗ ಅತಿ ದೂರದ್ದು 198, ಸರಾಸರಿ 188. ಉದ್ದ ಕೋಲಲ್ಲಿ ತಲೆಯ ವೇಗ ಜಾಸ್ತಿ ಸಿಗೋದು ನಿಜ, ಅಂಗಡಿಯವರು ಅಷ್ಟರ ಮಟ್ಟಿಗೆ ಸುಳ್ಳು ಹೇಳಿರ್ಲಿಲ್ಲ, ಆದ್ರೆ ಆ ವೇಗ ಬಾಲಿಗೆ ಹೋಗಬೇಕಲ್ಲ. ಬಾಲಿನ ವೇಗವನ್ನ ತಲೆಯ ವೇಗದಿಂದ ಭಾಗಿಸಿದ್ರೆ ಬರೋದಕ್ಕೆ ಸ್ಮ್ಯಾಶ್ ಫ್ಯಾಕ್ಟರ್ ಅಂತಾರೆ, ಡ್ರೈವರಲ್ಲಿ ನಡುವಿಗೆ ಸರಿಯಾಗಿ ತಾಗಿದ್ರೆ ಹತ್ತತ್ರ 1.5, ಪಕ್ಕಕ್ಕೆ ತಾಗಿದಷ್ಟೂ ಇಳೀತಾ ಹೋಗುತ್ತೆ. ಟೈಗರ್ ವುಡ್ಸ್ ಶುರುವಿನ ವರ್ಷಗಳಲ್ಲಿ 43.5 ಇಂಚಿನ ಸ್ಟೀಲ್ ಶಾಫ್ಟಲ್ಲೇ ತುಂಬಾ ದೂರ ಹೊಡೀತಿದ್ದ. ಇನ್ನೊಂದು ಕಡೆ ಅಮೆರಿಕದ ಆಟಗಾರ ಫಿಲ್ ಮಿಕಲ್ಸನ್ 2021ರಲ್ಲಿ 50ನೇ ವಯಸ್ಸಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದಾಗ ಕೈಲಿದ್ದದ್ದು 47.9 ಇಂಚಿನದ್ದು. ನಿಯಮದಲ್ಲಿ 48ರವರೆಗೂ ಇದೆ, 2022ರಿಂದ ದೊಡ್ಡ ಟೂರ್ನಿಗಳವರು ಬೇಕಂದ್ರೆ 46ಕ್ಕೆ ಮಿತಿ ಹಾಕಬಹುದು. ಅವರವರ ಮೈಗೆ ಅವರವರದ್ದು, ನನಗೆ 44.5.

ಐವತ್ತು ಬಾಲ್ ಹೊಡೆದದ್ದರಲ್ಲಿ ಮೂರು ಬಿರುಕಿಗೆ ಬಿದ್ದು ಸಿಗಲೇ ಇಲ್ಲ. ಕಡ್ಡಿ ಹಾಕಿ ತಡಕಾಡಿದ್ರೂ ಶಬ್ದ ಮಾತ್ರ, ಕೈಗೆ ಬರಲಿಲ್ಲ. ವಾಪಸ್ ಬರ್ತಾ ಒಗ್ಗರಣೆ ಮಿರ್ಚಿ ತಿಂದು ಅಲ್ಲೇ ತೀರ್ಮಾನ ಮಾಡಿದ್ವಿ, ಕತ್ತರಿಸೋದು ಅಂತ.

ಕತ್ತರಿಸೋದು ಗ್ರಿಪ್ ಕಡೆಯಿಂದ. ತಲೆ ಕಡೆ ತುದಿ ಕತ್ತರಿಸಿದ್ರೆ ಶಾಫ್ಟ್ ಬಿರುಸಾಗಿಬಿಡುತ್ತೆ, ಅದು ಬೇರೇನೇ ಕ್ಲಬ್ ಆಗಿಹೋಗುತ್ತೆ. ಯೂನಿಟ್ಟಿನ ಹುಡುಗ ಒಬ್ಬ ಕಟಿಂಗ್ ಮಷೀನಿಗೆ ಕೊಡಿ ಮಾಸ್ಟರ್, ಒಂದೇ ಸೆಕೆಂಡು ಅಂದ, ಅಪ್ಪ ಒಪ್ಪಲಿಲ್ಲ, ಬಟ್ಟೆ ಕತ್ತರಿಸೋ ಬ್ಲೇಡು ಇದಕ್ಕೆ ಹಾಕಿದ್ರೆ ಎರಡೂ ಹಾಳು ಅಂದ್ರು. ಗ್ರಾಫೈಟ್ ಅಂದ್ರೆ ಕಾರ್ಬನ್ ಎಳೆ, ಒರಟು ಬ್ಲೇಡಲ್ಲಿ ಸೀಳಿಕೊಳ್ಳುತ್ತೆ. ಹಳೇ ಗ್ರಿಪ್ಪನ್ನ ಉದ್ದಕ್ಕೆ ಸೀಳಿ ತೆಗೆದು, ಗೆರೆ ಹಾಕಿದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಲ್ಲಿ ಶಾಫ್ಟನ್ನ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಸುತ್ತಲೂ ಕೊರೆದ್ವಿ. ಕಪ್ಪು ಪುಡಿ ಮೂಗಿಗೆ ಹೋಗಬಾರದು ಅಂತ ಇಬ್ಬರೂ ಮಾಸ್ಕ್ ಹಾಕಿ ಕೆಳಗೆ ಒದ್ದೆ ಬಟ್ಟೆ ಹಾಸಿದ್ವಿ. ಅಪ್ಪ ಒಂದೇ ಸಲಕ್ಕೆ ಒಂದೂಕಾಲು ಕತ್ತರಿಸೋಕೆ ಬಿಡಲಿಲ್ಲ. ವಾಶಿಂಗಿಗೆ ಹೋದ ಡೆನಿಮ್ ಕುಗ್ಗುತ್ತೆ ಅಂತ ಬಿಟ್ಟು ಕತ್ತರಿಸಿ ಅಭ್ಯಾಸ ಅವರಿಗೆ. ಮೊದಲು ಮುಕ್ಕಾಲು ಇಂಚು, ನಿಲ್ಲಿಸಿ ಹಿಡಿಸಿ ನೋಡಿ ಆಮೇಲೆ ಇನ್ನರ್ಧ.

ಹೊಸ ಗ್ರಿಪ್ ತರಿಸಿದ್ದೆ. ಎರಡೂ ಕಡೆ ಅಂಟಿರೋ ಟೇಪ್ ಸುತ್ತಿ, ಬಟ್ಟೆ ಕಲೆ ತೆಗೆಯೋಕೆ ಯೂನಿಟ್ಟಲ್ಲಿ ಇಟ್ಟಿರೋ ವೈಟ್ ಪೆಟ್ರೋಲ್ ಗ್ರಿಪ್ ಒಳಗೂ ಟೇಪ್ ಮೇಲೂ ಸುರಿದು ಒಂದೇ ಉಸಿರಿಗೆ ತಳ್ಳಬೇಕು, ನಡುವೆ ನಿಂತ್ರೆ ಅಲ್ಲೇ ಹಿಡ್ಕೊಂಡುಬಿಡುತ್ತೆ. ಕಿಟಕಿ ಬಾಗಿಲು ತೆಗೆದು, ಇಸ್ತ್ರಿ ಪೆಟ್ಟಿಗೆ ಎಲ್ಲಾ ಆಫ್ ಮಾಡಿ ಮಾಡಿದ್ವಿ. ರಾತ್ರಿಯೆಲ್ಲ ಒಣಗೋಕೆ ಬಿಟ್ವಿ.

ಬೆಳಿಗ್ಗೆ ಎತ್ತಿ ಬೀಸಿದ್ರೆ ತಲೆ ಎಲ್ಲಿದೆ ಅಂತಾನೇ ಕೈಗೆ ಗೊತ್ತಾಗ್ತಿಲ್ಲ. ನನಗೆ ನಿಜವಾಗ್ಲೂ ಭಯ ಆಯ್ತು, ಹಾಳು ಮಾಡಿದೆ ಅಂತ. ಇದು ಹಂಗಾಗೋದೇ, ಒಂದು ಇಂಚು ಕಮ್ಮಿ ಮಾಡಿದ್ರೆ ಸ್ವಿಂಗ್ ವೆಯ್ಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತೆ ಅನ್ನೋ ಅಳತೆ) ಸುಮಾರು ಆರು ಪಾಯಿಂಟ್ ಇಳಿಯುತ್ತೆ, ಒಂದು ಪಾಯಿಂಟ್ ವಾಪಸ್ ತರೋಕೆ ತಲೆಗೆ ಸುಮಾರು 2 ಗ್ರಾಂ ಸೇರಿಸಬೇಕು. ನನ್ನ ಲೆಕ್ಕಕ್ಕೆ 15 ಗ್ರಾಂ ಆಗುತ್ತೆ. ಸೀಸದ ಅಂಟುಟೇಪ್ ತರಿಸಿ, ಪರಿಚಯದ ಚಿನ್ನದ ಅಂಗಡಿ ತಕ್ಕಡೀಲಿ ತೂಕ ಮಾಡಿಸಿದೆ, ಎರಡೆರಡು ಗ್ರಾಮಿನ ತುಂಡು ಮಾಡ್ಕೊಂಡು ಬಂದು ತಳದಲ್ಲಿ ಹಿಮ್ಮಡಿ ಕಡೆಗೆ ಒಂದೊಂದೇ ಅಂಟಿಸ್ತಾ ಹೊಡೆದು ನೋಡ್ದೆ. ಆ ಕಡೆ ಭಾರ ಇದ್ರೆ ಮುಖ ಮುಚ್ಚೋಕೆ ಸುಲಭ, ಬಲಕ್ಕೆ ಹೋಗೋದು ಇನ್ನೂ ಕಮ್ಮಿ ಆಗುತ್ತೆ. 8 ಗ್ರಾಮಿಗೆ ಕೈಗೆ ಸರಿ ಅನ್ನಿಸ್ತು, 10 ಹಾಕಿದ್ರೆ ಮತ್ತೆ ಎಳೀತಿತ್ತು. ಅಲ್ಲಿಗೇ ನಿಲ್ಲಿಸಿದೆ. ಮುಟ್ಟಿದ ಮೇಲೆ ಕೈ ಸೋಪಲ್ಲಿ ತೊಳೀಬೇಕು, ಸೀಸ ಅದು.

ಹದಿನೈದು ದಿನ ಬಿಟ್ಟು ಬೆಂಗಳೂರಿಗೆ ಹೋದಾಗ ರೇಂಜಲ್ಲಿ ಎರಡು ಬಕೆಟ್ ಹೊಡೆದೆ. ಬಲಕ್ಕೆ ಹೋಗೋದು ಪೂರ್ತಿ ನಿಂತಿಲ್ಲ, ನನ್ನ ಸ್ವಿಂಗ್‌ದೂ ತಪ್ಪಿದೆ, ಅದಕ್ಕೆ ಟೇಪು ಕತ್ತರಿ ಏನೂ ಮಾಡಲ್ಲ. ಆದ್ರೆ ಹತ್ತರಲ್ಲಿ ಏಳು ನಾನು ನೋಡಿದ ಕಡೆ ಹೋಗ್ತಾವೆ ಈಗ. ಪಕ್ಕದ ಮ್ಯಾಟಲ್ಲಿ ಹೊಸದಾಗಿ ಕಲೀತಿದ್ದ ಒಬ್ಬರು, ನನಗಿಂತ ಗಿಡ್ಡ, 46 ಇಂಚಿನ ಡ್ರೈವರ್ ಹಿಡಿದು ಬಲಕ್ಕೆ ಬಲಕ್ಕೆ ಹೊಡೀತಿದ್ರು. ನಾನೇ ಹೋಗಿ ಸರ್ ಒಂದು ಇಂಚು ಕೆಳಗೆ ಹಿಡಿದು ನೋಡಿ ಅಂದೆ, ಗ್ರಿಪ್ ಮೇಲೆ ಬೆರಳಿಟ್ಟು ತೋರಿಸಿದೆ.

ಚಿಕ್ಕಪ್ಪನ ಮಗ ಆರಡಿ ಹುಡುಗ. ಅವನಿಗೂ ಕಲಿಯೋ ಆಸೆ ಬಂದಿದೆ, ಆದ್ರೆ "ಅಣ್ಣ, ಇದು ನಿನ್ನ ಅಳತೆಗೆ ಕತ್ತರಿಸಿದ್ದಲ್ವಾ, ನನಗೆ ಗಿಡ್ಡ ಆಗ್ತೈತೆ" ಅಂತ ಮುಖ ಸಣ್ಣ ಮಾಡ್ಕೊಂಡಿದ್ದ. ಮೊನ್ನೆ ಹೊಲದಲ್ಲಿ ಅಪ್ಪ ಅವನನ್ನೂ ಬರಿಗಾಲಲ್ಲಿ ನಿಲ್ಲಿಸಿ ಮಣಿಕಟ್ಟಿಂದ ಟೇಪ್ ಬಿಟ್ರು. ನನಗಿಂತ ಏಳಿಂಚು ಎತ್ತರ ಇರೋನಿಗೆ ಬಂದದ್ದು 34, ನನಗಿಂತ ಒಂದೇ ಇಂಚು ಜಾಸ್ತಿ, ಅಷ್ಟು ಉದ್ದ ಅವನ ತೋಳು. ಅಪ್ಪ ಚಾಕ್ ಪುಡಿ ಹಚ್ಚಿ ಅವನ ಕೈಗೆ ಕೊಟ್ಟು, ರಟ್ಟಿನ ಮೇಲೆ ಅವನದ್ದೊಂದು ಹೊಸ ಮುಖ ಬರೆದ್ರು. ಮೊದಲ ಮೂರು ಬಾಲ್ ತಾಗಲೇ ಇಲ್ಲ, ನಾಲ್ಕನೇದು ತುದಿಗೆ, ಐದನೇದು ನಡುವಿಗೆ. ಬಿಸಿಲು ಏರೋದ್ರೊಳಗೆ ಹತ್ತು ಮುಗಿಸಬೇಕು ಅಂತ ನಾನು ಮುಂದಿನ ಟೀಗೆ ಸ್ಕ್ರೂಡ್ರೈವರ್ ಚುಚ್ಚಿದೆ.